ಅಮ್ಮನ ಸರ ಬಿಡಿಸಿಕೊಂಡ 25 ತಿಂಗಳು

2017ರ ಕಾರ್ತಿಕ ಮಾಸ. ತಿಪಟೂರಿನ ಛತ್ರವೊಂದರಲ್ಲಿ ಚಿಕ್ಕಪ್ಪನ ಮಗಳ ಮದುವೆ. ಧಾರೆ ಮುಗಿದು ಮನೆಮಂದಿಯೆಲ್ಲ ಫೋಟೊಗೆ ನಿಂತಿದ್ದೆವು. ಅಮ್ಮ ಸೆರಗನ್ನು ಎರಡೂ ಭುಜದ ಮೇಲೆ ಹೊದ್ದು, ಅದರ ಅಂಚನ್ನು ಕೊರಳ ಹತ್ತಿರ ಹಿಡಿದುಕೊಂಡೇ ನಿಂತಿದ್ದಳು. ಕರಿಮಣಿಯ ಜೊತೆ ಹಾಕಿಕೊಂಡಿದ್ದ ರೋಲ್ಡ್ ಗೋಲ್ಡ್ ಸರ ಅಲ್ಲಲ್ಲಿ ಕಪ್ಪಾಗಿತ್ತು. ಫೋಟೊದ ಹುಡುಗ ‘ಸೆರಗು ಸ್ವಲ್ಪ ಸರಿಸಿಕೊಳ್ಳಿ ಅಮ್ಮಾ’ ಎಂದ. ಅಮ್ಮ ಸರಿಸಲಿಲ್ಲ.

ಅವಳ ಎರಡೆಳೆ ಸರ ಮತ್ತು ನಾಲ್ಕು ಬಳೆ 2014ರ ಫೆಬ್ರವರಿಯಿಂದ ಅಡವಿನಲ್ಲಿದ್ದವು. ತೋಟದ ತೆಂಗು ಸುಳಿ ಒಣಗುತ್ತಿದ್ದ ಕಾಲ. ಅಪ್ಪ ಬೋರು ಹಾಕಿಸಲು 1,20,000 ರೂಪಾಯಿ ಎತ್ತಿದ್ದರು. ಬೋರು ಫೇಲಾಯಿತು. ಸಾಲ ಉಳಿಯಿತು. ಅಡವಿಡಲು ಅಪ್ಪನ ಜೊತೆ ಹೋಗಿದ್ದವನು ನಾನೇ. ಚಿನ್ನ ನೋಡುವವರು ಸರವನ್ನು ಒರೆಗಲ್ಲಿಗೆ ತೀಡಿ, ಆಸಿಡ್ಡಿನ ಹನಿ ಹಾಕಿ, ತಕ್ಕಡಿಗೆ ಇಟ್ಟರು. ಕೊಂಡಿ ಸಡಿಲವಾಗಿದೆಯೆಂದು ಅಮ್ಮ ಅಲ್ಲಿಗೊಂದು ಹಸಿರು ದಾರ ಸುತ್ತಿ ಗಂಟು ಹಾಕಿದ್ದಳು. ಅವರು ಅದನ್ನು ಬಿಚ್ಚದೆ ಹಾಗೇ ಚೀಲಕ್ಕೆ ಹಾಕಿ ಸೀಲು ಮಾಡಿದರು.

ಆಮೇಲೆ ನಾಲ್ಕು ವರ್ಷ ನಾವು ಮಾಡಿದ್ದು ಒಂದೇ ಕೆಲಸ. ವರ್ಷಕ್ಕೊಮ್ಮೆ ಹೋಗಿ ಬಡ್ಡಿ ಕಟ್ಟುವುದು, ಸಾಲ ರಿನ್ಯೂವಲ್ ಮಾಡಿಸುವುದು. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ಅಂದರೆ ವರ್ಷಕ್ಕೆ 14,400. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಅಷ್ಟು ಹೊಂದಿಸಿದರೆ ಆ ವರ್ಷದ ಗಂಡಾಂತರ ಕಳೆಯಿತು ಎಂಬ ಸಮಾಧಾನ. ಒಂದು ವರ್ಷ ಕಟ್ಟುವುದು ತಡವಾಗಿ ಹರಾಜಿನ ನೋಟಿಸ್ ಬಂತು. ಅಪ್ಪ ಅದನ್ನು ಮಡಿಸಿ ಪಂಚಾಂಗದೊಳಗೆ ಇಟ್ಟುಬಿಟ್ಟಿದ್ದರು. ನಾಲ್ಕು ವರ್ಷದಲ್ಲಿ 57,600 ಕಟ್ಟಿದ್ದೆವು. ಅಸಲು ಒಂದು ರೂಪಾಯಿಯೂ ಇಳಿದಿರಲಿಲ್ಲ.

ಅಷ್ಟೂ ಕಾಲ ಬೆಂಗಳೂರಿನಲ್ಲಿ ಸಂಬಳದ ಕೆಲಸದಲ್ಲಿದ್ದ ನನಗೆ ಗುರಿಗಳಿರಲಿಲ್ಲವೆ? ಇದ್ದವು. ಪ್ರತಿ ಜನವರಿಯಲ್ಲೂ ಡೈರಿಯ ಮೊದಲ ಪುಟದಲ್ಲಿ ಬರೆಯುತ್ತಿದ್ದೆ. ಇಷ್ಟನೇ ವಯಸ್ಸಿಗೆ ಇಷ್ಟು ಲಕ್ಷ, ಊರಾಚೆ ಒಂದು ಸೈಟು, ಒಂದು ಕಾರು. ಆಫೀಸಿನಲ್ಲಿ ಊಟದ ಹೊತ್ತಿಗೆ ಕಿವಿಗೆ ಬಿದ್ದದ್ದೆಲ್ಲ ಡೈರಿಗೆ ಇಳಿಯುತ್ತಿತ್ತು. ಅದರಲ್ಲಿ ಯಾವುದೂ ಆಗಲಿಲ್ಲ ಎಂದು ನಾನು ಒಂದು ದಿನವೂ ನಿದ್ದೆಗೆಟ್ಟಿಲ್ಲ. ಮದುವೆಯಿಂದ ವಾಪಸ್ ಬಂದ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಗುರಿ ನಮ್ಮದು ಹೌದೋ ಅಲ್ಲವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗಂತೂ ಗೊತ್ತಿಲ್ಲ. ಅದು ಈಡೇರದಿದ್ದರೆ ಯಾರ ಮುಖ ಕಣ್ಣ ಮುಂದೆ ಬರುತ್ತದೆ? ಯಾರ ಮುಖವೂ ಬರದಿದ್ದರೆ ಆ ಗುರಿಗಾಗಿ ನಾವು ಹೋಟೆಲಿನ ಒಂದು ಊಟವನ್ನೂ ಬಿಡುವುದಿಲ್ಲ.

ಮರುದಿನ ಕಾಗದ ಪೆನ್ನು ಹಿಡಿದು ಕೂತೆ. 1,20,000ವನ್ನು ಒಟ್ಟಿಗೆ ಹೊಂದಿಸುವುದು ನನ್ನಿಂದ ಆಗದ ಮಾತು. ತಿಂಗಳಿಗೆ 6,000 ಆಗುತ್ತದೆ. ಹಾಗೆ ಕಟ್ಟಿದರೆ ಮೊದಲ ತಿಂಗಳು 1,200 ಬಡ್ಡಿಗೆ, 4,800 ಅಸಲಿಗೆ. ಎರಡನೇ ತಿಂಗಳು ಬಡ್ಡಿ 1,152ಕ್ಕೆ ಇಳಿಯುತ್ತದೆ, ಅಸಲಿಗೆ ಹೋಗುವುದು 4,848. ಹೀಗೆ ಲೆಕ್ಕ ಇಳಿಸುತ್ತ ಹೋದರೆ 23ನೇ ಕಂತಿಗೆ ಸಾಲ ಮುಗಿಯುತ್ತದೆ. ಒಟ್ಟು ಬಡ್ಡಿ ಎಷ್ಟು ಗೊತ್ತೆ? ಸುಮಾರು 14,500. ಇಡೀ ಸಾಲ ತೀರಿಸುವ ಬಡ್ಡಿ, ನಾವು ಸುಮ್ಮನೆ ರಿನ್ಯೂವಲ್ ಮಾಡಿಸುತ್ತಿದ್ದ ಒಂದೇ ವರ್ಷದ ಬಡ್ಡಿಯಷ್ಟು! ಲೆಕ್ಕ ತಪ್ಪಿರಬೇಕೆಂದು ಮೂರು ಸಲ ಮಾಡಿ ನೋಡಿದೆ. ತಪ್ಪಿರಲಿಲ್ಲ. ಚಿನ್ನ ಅಡವಿಟ್ಟ ಎಷ್ಟೋ ಮನೆಗಳಲ್ಲಿ ಈ ಲೆಕ್ಕವನ್ನು ಯಾರೂ ಕೂತು ಮಾಡುವುದಿಲ್ಲ. ಬಡ್ಡಿ ಕಟ್ಟಿದರೆ ಸಾಲ ಕಟ್ಟಿದಂತೆ ಎಂದುಕೊಂಡಿರುತ್ತೇವೆ. ಇದನ್ನು ಓದುತ್ತಿರುವವರ ಮನೆಯ ಒಡವೆಯೂ ಹಾಗೆ ಕೂತಿದ್ದರೆ ದಯವಿಟ್ಟು ಇವತ್ತೇ ಆ ರಸೀದಿ ತೆಗೆದು ನೋಡಿ.

ಸಾಲ ಕೊಟ್ಟ ಕಡೆ ಹೋಗಿ ತಿಂಗಳು ತಿಂಗಳು ಅಸಲು ಕಟ್ಟಬಹುದೆ ಎಂದು ಕೇಳಿದೆ. ಧಾರಾಳವಾಗಿ ಕಟ್ಟಿ ಎಂದರು. ನಾಲ್ಕು ವರ್ಷ ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಒಂದು ಎಚ್ಚರಿಕೆ: ದುಡ್ಡು ಕಟ್ಟುವಾಗ ‘ಬಡ್ಡಿ ಮುರಿದುಕೊಂಡು ಉಳಿದದ್ದನ್ನು ಅಸಲಿಗೆ ಜಮಾ ಮಾಡಿ’ ಎಂದು ಬಾಯಿಬಿಟ್ಟು ಹೇಳಬೇಕು. ರಸೀದಿಯಲ್ಲಿ ಬಾಕಿ ಅಸಲು ಇಳಿದಿದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಬೇಕು.

2018ರ ಫೆಬ್ರವರಿಯಿಂದ ಶುರು ಮಾಡಿದೆ. ಸಂಬಳ ಬಂದ ಮಾರನೇ ದಿನವೇ ಕಂತು. ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟೋಣ ಎಂದಿದ್ದರೆ ಉಳಿಯುತ್ತಲೇ ಇರಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳೂ ಬಾಕಿ ಅಸಲನ್ನು ಹೆಂಡತಿ ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದಳು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, ‘ಅದು ಇದ್ದಲ್ಲೇ ಇರ್ಲಿ ಬಿಡಪ್ಪ, ಮನೇಲಿದ್ರೆ ಕಳ್ಳಕಾಕರ ಭಯ. ಮೊದ್ಲು ನಿನ್ನ ಸಂಸಾರ ನೋಡ್ಕೋ’ ಎನ್ನುತ್ತಿದ್ದಳು. ಹೀಗೆ ಹೇಳಿ ಹೇಳಿಯೇ ನಮ್ಮ ತಾಯಂದಿರು ತಮ್ಮ ಆಸೆಗಳನ್ನು ನಮ್ಮ ಲೆಕ್ಕದ ಪುಸ್ತಕದಿಂದ ಹೊರಗಿಟ್ಟುಬಿಡುತ್ತಾರೆ.

ಎಲ್ಲವೂ ಕಾಗದದಲ್ಲಿದ್ದಂತೆ ನಡೆಯಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಅಪ್ಪನಿಗೆ ಹುಷಾರು ತಪ್ಪಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡು ತಿಂಗಳು ಬರೀ ಬಡ್ಡಿ ಕಟ್ಟಿದೆ. ಎರಡನೇ ತಿಂಗಳು ಕ್ಯಾಲೆಂಡರಿನಲ್ಲಿ ಹಳೆಯ ಅಂಕಿಯನ್ನೇ ಮತ್ತೆ ಬರೆಯುವಾಗ ಹೆಂಡತಿಯ ಕೈ ತಡೆಯಿತು. ಇನ್ನು ಬಿಟ್ಟೇಬಿಡೋಣ ಅನ್ನಿಸಿದ್ದೂ ನಿಜ. ನಿಂತ ಕಡೆಯಿಂದಲೇ ಮೂರನೇ ತಿಂಗಳು ಮತ್ತೆ 6,000 ಕಟ್ಟಿದೆ. ತಪ್ಪಿದ್ದನ್ನು ಸೇರಿಸಿ ಒಂದೇ ಸಲ ಕಟ್ಟಲು ಕೈಸಾಲ ಮಾಡಲಿಲ್ಲ. ಗುರಿಯ ತಾರೀಖು ಎರಡು ತಿಂಗಳು ಮುಂದೆ ಹೋದರೆ ಆಕಾಶವೇನೂ ಬೀಳುವುದಿಲ್ಲ. ಆದರೆ ಕಷ್ಟಕ್ಕೆಂದು ಬೇರೆಯಾಗಿ ಒಂದಿಷ್ಟು ಎತ್ತಿಟ್ಟಿದ್ದರೆ ಆ ಎರಡು ಕಂತೂ ತಪ್ಪುತ್ತಿರಲಿಲ್ಲ. ಆ ಪಾಠ ಕಲಿತ ಮೇಲೆ ಅಂಚೆ ಕಚೇರಿಯಲ್ಲಿ ಒಂದು ಆರ್.ಡಿ. ಶುರು ಮಾಡಿದೆ. ಅಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಕಟ್ಟಬಹುದು. ಐದು ವರ್ಷದ ಅವಧಿ. 2023ರ ಅಕ್ಟೋಬರಿನಲ್ಲಿ ನಿಗದಿಯಾದ ಶೇ. 6.7ರ ಬಡ್ಡಿಯಂತೆ ತಿಂಗಳಿಗೆ 1,000 ಕಟ್ಟಿದರೆ ಕೊನೆಗೆ ಸುಮಾರು 71,366 ಕೈಗೆ ಬರುತ್ತದೆ. 12 ಕಂತು ಕಟ್ಟಿದ ಮೇಲೆ ಖಾತೆಯಲ್ಲಿ ಅಲ್ಲಿಯವರೆಗೆ ಇರುವುದರ ಅರ್ಧದವರೆಗೆ ಸಾಲವಾಗಿಯೂ ಪಡೆಯಬಹುದು. ಮೈಮೇಲಿನ ಚಿನ್ನ ಬಿಚ್ಚುವುದಕ್ಕಿಂತ ಇದು ಎಷ್ಟೋ ವಾಸಿ.

ಸಾಲ ಮುಗಿದ ಮೇಲೆ ಆ 6,000ವನ್ನು ಏನು ಮಾಡುವುದೆಂದು ನಾನೂ ಹೆಂಡತಿಯೂ ಮೊದಲೇ ಮಾತಾಡಿಕೊಂಡಿದ್ದೆವು. ಕೈಗೆ ಬಂದ ಮೇಲೆ ಯೋಚಿಸಿದರೆ ಅದು ಮನೆಖರ್ಚಿನಲ್ಲಿ ಕರಗಿಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. 2020ರ ಮಾರ್ಚ್ ಮೊದಲ ವಾರ, ಆಗ ನಾಲ್ಕು ವರ್ಷದವಳಾಗಿದ್ದ ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದೆವು. ಹತ್ತು ವರ್ಷದೊಳಗಿನ ಹೆಣ್ಣುಮಕ್ಕಳಿಗೆ ಮಾತ್ರ ಇರುವ ಖಾತೆ ಅದು. 15 ವರ್ಷ ಕಟ್ಟಬೇಕು, ಖಾತೆ ತೆರೆದು 21 ವರ್ಷಕ್ಕೆ ಪಕ್ವವಾಗುತ್ತದೆ. ಮಗಳಿಗೆ 18 ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಮುಗಿದ ಮೇಲೆ ಓದಿಗೆಂದು ಅರ್ಧದವರೆಗೆ ತೆಗೆಯಬಹುದು. ತೆರೆದ ಮರುತಿಂಗಳೇ ಬಡ್ಡಿ ಶೇ. 8.4ರಿಂದ 7.6ಕ್ಕೆ ಇಳಿಯಿತು. ಮುಂದೆ 2024ರ ಜನವರಿಯಲ್ಲಿ 8.2ಕ್ಕೆ ಏರಿತು. ಏರಿದಾಗ ಹೆಚ್ಚು ಕಟ್ಟಲಿಲ್ಲ, ಇಳಿದಾಗ ನಿಲ್ಲಿಸಲಿಲ್ಲ. ನಾವು ಕಟ್ಟುತ್ತಿರುವುದು ಅವಳ ಕಾಲೇಜಿಗೆ.

ಆ ಖಾತೆ ತೆರೆಯುವುದಕ್ಕೆ ಸ್ವಲ್ಪ ಮುಂಚೆ, 2020ರ ಫೆಬ್ರವರಿಯಲ್ಲಿ, 25ನೇ ಕಂತು ಕಟ್ಟಲು ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಹೋದೆ. ಚೀಲದ ಸೀಲು ನಮ್ಮೆದುರೇ ಒಡೆದು, ಒಡವೆಯನ್ನು ತೂಗಿ ಮೇಜಿನ ಮೇಲಿಟ್ಟರು. ಅಮ್ಮ ಬಳೆಗಳ ಕಡೆ ನೋಡಲಿಲ್ಲ. ಸರವನ್ನು ಎತ್ತಿಕೊಂಡು ಕೊಂಡಿ ಹುಡುಕಿದಳು. ಹಸಿರು ದಾರ ಬಣ್ಣಗೆಟ್ಟಿತ್ತು, ಗಂಟು ಹಾಗೇ ಇತ್ತು. ಅದನ್ನು ಹೆಬ್ಬೆರಳಲ್ಲಿ ಸವರಿ, ‘ಮೊದ್ಲು ಇದನ್ನ ಸರಿ ಮಾಡಿಸ್ಬೇಕು ಕಣಪ್ಪ’ ಎಂದಳು.

ಅಲ್ಲಿಂದ ಸೀದಾ ಪೇಟೆಯ ಅಕ್ಕಸಾಲಿಯ ಅಂಗಡಿಗೆ ಹೋದೆವು. ಹೊಸ ಕೊಂಡಿ ಕೂರಿಸಲು ಅವರು 300 ರೂಪಾಯಿ ಕೂಲಿ ಹೇಳಿದರು. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅಮ್ಮ ಸೆರಗಿನ ಗಂಟು ಬಿಚ್ಚಿ ನೂರರ ಮೂರು ನೋಟು ಎಣಿಸಿ ಕೊಟ್ಟಳು.