ಚೆಂಡು ಗುರಿ ಮುಟ್ಟಬೇಕಾದರೆ



ಸಂಜೆ ಹೊಲದಿಂದ ಮರಳುವಾಗ ನೀವು ವಾಲಿಬಾಲ್ ಅಂಕಣದ ಬಳಿ ತುಸು ಹೊತ್ತು ನಿಲ್ಲುವುದುಂಟು. ಹುಡುಗನೊಬ್ಬನ ಸರ್ವ್ ಬಲೆಗೆ ಬಿದ್ದೊಡನೆ "ಕೈ ನೋಡೋ, ಮಣಿಕಟ್ಟು ನೋಡೋ!" ಎಂದು ನಾಲ್ಕು ಕಡೆಯಿಂದ ಕೂಗೇಳುತ್ತದೆ. ಮುಂದಿನ ಚೆಂಡು ಗೆರೆಯಾಚೆ ಹೋಗುತ್ತದೆ. ನಾಲ್ಕು ದಿನ ಹೀಗಾದರೆ ಆ ಹುಡುಗ ಆಟಕ್ಕೆ ಬರುವುದನ್ನೇ ಬಿಡುತ್ತಾನೆ. ತಪ್ಪು ಅವನ ಕೈಯದೋ, ನಮ್ಮ ಕೂಗಿನದೋ?

ನೇಗಿಲು ಹಿಡಿದವರಿಗೆ ಇದರ ಗುಟ್ಟು ಹೊಸದಲ್ಲ. ಮೊದಲ ಸಾಲು ನೆಟ್ಟಗೆ ಬರಬೇಕಾದರೆ ಮೇಣಿ ಹಿಡಿದ ಕೈಯನ್ನು ನೋಡುತ್ತೀರಾ? ಆಚೆ ಬದುವಿನ ಬೇವಿನ ಮರದ ಮೇಲೆ ಕಣ್ಣಿಟ್ಟು ಎತ್ತು ಹೊಡೆಯುತ್ತೀರಿ. ಟ್ರ್ಯಾಕ್ಟರ್ ನಡೆಸುವವರೂ ಅಷ್ಟೆ. ಕೈ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಅದನ್ನೇ ಕಾಯುತ್ತ ಹೊರಟರೆ, ಸರಾಗವಾಗಿ ನಡೆಯುವ ಚಲನೆಗೆ ನಾವೇ ಅಡ್ಡ ಬಂದಂತೆ.

ಗೇಬ್ರಿಯೆಲೆ ವುಲ್ಫ್ ಎಂಬ ವಿಜ್ಞಾನಿ ಸಂಗಡಿಗರೊಡನೆ 2002ರಲ್ಲಿ ಪ್ರಕಟಿಸಿದ ಪ್ರಯೋಗ ವಾಲಿಬಾಲ್ ಸರ್ವನ್ನು ಕುರಿತದ್ದೇ. ಕೆಲವರಿಗೆ ಮಣಿಕಟ್ಟನ್ನು ಬಾಗಿಸು, ಮೈಭಾರವನ್ನು ಹಿಂಗಾಲಿನಿಂದ ಮುಂಗಾಲಿಗೆ ತಾ ಎಂದು ಹೇಳಿಕೊಟ್ಟರು. ಉಳಿದವರಿಗೆ ಅದನ್ನೇ ಬೇರೆ ರೀತಿಯಲ್ಲಿ ಹೇಳಿದರು: ಭಾರ ಗುರಿಯ ಕಡೆ ಹೋಗಲಿ, ಕುದುರೆ ಓಡಿಸುವವನು ಚಾಟಿ ಬೀಸುವಂತೆ ಚೆಂಡನ್ನು ಹೊಡೆ. ಎರಡನೆಯವರ ಚೆಂಡು ಗುರಿಗೆ ಹೆಚ್ಚು ಸಮೀಪ ಬಿತ್ತು. ಹೊಸಬರಲ್ಲೂ ಹೀಗೆಯೇ, ಪಳಗಿದವರಲ್ಲೂ ಹೀಗೆಯೇ. ಇಂಥ ಪ್ರಯೋಗಗಳನ್ನು ಈಚೆಗೆ ಒಟ್ಟಿಗೆ ತೂಗಿ ನೋಡಿದ ಕೆಲವರು, ಲಾಭ ಹೇಳುವಷ್ಟು ದೊಡ್ಡದಲ್ಲವೆಂದು ವಾದಿಸಿದ್ದಾರೆ. ಆದ್ದರಿಂದ ನಮ್ಮೂರ ಅಂಕಣದಲ್ಲೇ ಎಣಿಸಿ ನೋಡುವುದು ಲೇಸು.

ಇನ್ನು ಹುರುಪಿನ ಮಾತು. 2007ರಲ್ಲಿ ಬ್ರೆಜಿಲಿನ ಸುಜೆಟೆ ಚಿವಿಯಾಕೋವ್ಸ್ಕಿ ಮತ್ತು ವುಲ್ಫ್ ಪ್ರಕಟಿಸಿದ ಪ್ರಯೋಗದಲ್ಲಿ, ಕಾಳು ತುಂಬಿದ ಸಣ್ಣ ಚೀಲವನ್ನು ರೂಢಿಯಿಲ್ಲದ ಕೈಯಿಂದ, ಕಣ್ಣಿಗೆ ಮರೆಮಾಡಿ ಗುರಿಗೆ ಎಸೆಯಿಸಿದರು. ಆರಾರು ಎಸೆತಗಳ ನಂತರ ಕೆಲವರಿಗೆ ಚೆನ್ನಾಗಿ ಬಿದ್ದ ಮೂರರ ಸುದ್ದಿ ಮಾತ್ರ, ಉಳಿದವರಿಗೆ ತೀರ ತಪ್ಪಿದ ಮೂರರ ಸುದ್ದಿ ಮಾತ್ರ ತಿಳಿಸಿದರು. ಮರುದಿನ ಯಾರಿಗೂ ಏನೂ ತಿಳಿಸದೆ ಎಸೆಯಿಸಿದಾಗ ಮೊದಲಿನವರ ಗುರಿಯೇ ಮೇಲಾಗಿತ್ತು. ಬೈಗುಳದಿಂದ ಕೈ ತಿದ್ದುತ್ತದೆ ಎನ್ನುವ ಹಿರಿಯರು ಇದನ್ನು ಸ್ವಲ್ಪ ಯೋಚಿಸಬೇಕು.

ನಿಮ್ಮ ಯುವಕ ಮಂಡಲದಲ್ಲಿ ಹೀಗೆ ಮಾಡಿರಿ. ಬಲೆಯಾಚೆ ನೆಲದ ಮೇಲೆ ಒಂದು ಚೌಕ ಬರೆಯಿರಿ. ಜಾಗವನ್ನು ಸರ್ವ್ ಮಾಡುವವನೇ ಆರಿಸಲಿ. ಹತ್ತು ಸರ್ವ್ ಹೊಡೆಸಿರಿ. ತಪ್ಪಿದ್ದಕ್ಕೆ ಸುಮ್ಮನಿದ್ದು, ಚೌಕಕ್ಕೆ ಬಿದ್ದದ್ದನ್ನು ಮಾತ್ರ ಗಟ್ಟಿಯಾಗಿ ಎಣಿಸಿರಿ. ಮರುದಿನ ಯಾರೂ ತುಟಿ ಬಿಚ್ಚದೆ ಮತ್ತೆ ಹತ್ತು ಹೊಡೆಸಿ, ಎರಡು ಲೆಕ್ಕವನ್ನೂ ಬರೆದಿಡಿರಿ. ಚೌಕಕ್ಕೆ ಒಲೆಯ ಬೂದಿ ಸಾಕು. ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ.