ಒಂದು ಕೆರೆಗೆ ಎಷ್ಟು ಮೇಷ್ಟ್ರು ಬೇಕು?

ಎರಡು ವರ್ಷದ ಹಿಂದಿನ ಆಷಾಢ. ಮೂರು ದಿನದಿಂದ ಮೋಡ ಕವಿದು ಕೂತಿತ್ತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ನಾಲ್ಕನೆಯ ದಿನ ಬೆಳಗಿನ ಜಾವ ಕೆರೆ ಏರಿ ಕಡೆಯಿಂದ ಕೂಗು. ಹೋಗಿ ನೋಡಿದರೆ ಅಂಚಿನುದ್ದಕ್ಕೂ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನು. ಎರಡು ಕೆಜಿ, ಮೂರು ಕೆಜಿ ತೂಗುವ ಕಾಟ್ಲಾ. ಮೀನಿನ ಹಕ್ಕನ್ನು ಹರಾಜಿನಲ್ಲಿ ಹಿಡಿದಿದ್ದ ಹುಡುಗ ತಲೆ ಮೇಲೆ ಕೈ ಹೊತ್ತು ಕೂತಿದ್ದ.

ಹಿಂದಿನ ಸಂಜೆ ನಾನು ಕೆರೆ ಪಕ್ಕದ ಅರ್ಧ ಎಕರೆ ಟೊಮೆಟೊಗೆ ಔಷಧಿ ಹೊಡೆದಿದ್ದೆ. ಮೋಡಕ್ಕೆ ರೋಗ ಏರುತ್ತದೆಂದು ಅದರ ಔಷಧಿ, ಜತೆಗೆ ಹುಳುವಿನದು. ಕ್ಯಾನು ತೊಳೆದದ್ದು ಇದೇ ಕೆರೆಯಲ್ಲಿ. ನಾಲ್ಕು ಜನ ನೋಡಿದ್ದರು. ಬೆಳಗ್ಗೆ ಎಂಟಕ್ಕೆಲ್ಲ ಊರು ತೀರ್ಪು ಕೊಟ್ಟಾಗಿತ್ತು. "ಆ ಹುಡುಗನ ನಷ್ಟ ಕಟ್ಟಿಕೊಡಣ್ಣ, ಸುಮ್ನೆ ಮಾತು ಬೆಳೆಸಬೇಡ" ಅಂದರು. ಒಂದು ವಾರ ಟೈಮ್ ಕೇಳಿದೆ. ನಿಜ ಹೇಳಬೇಕೆಂದರೆ, ನಾನೇ ಕೊಂದೆನೋ ಏನೋ ಎಂಬ ಅನುಮಾನ ನನಗೂ ಇತ್ತು.

ಮಗಳು ಆಗ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪರಿಸರ ವಿಜ್ಞಾನದ ಎಂಎಸ್ಸಿ ಓದುತ್ತಿದ್ದಳು. ಫೋನಿನಲ್ಲಿ ಎಲ್ಲ ಹೇಳಿದೆ. ಅವಳು ಅಯ್ಯೋ ಅನ್ನಲಿಲ್ಲ, ಪ್ರಶ್ನೆ ಶುರು ಮಾಡಿದಳು. "ಅಪ್ಪಾ, ಸತ್ತಿದ್ದು ದೊಡ್ಡ ಮೀನಾ, ಚಿಕ್ಕವೂ ಸತ್ತಿದ್ವಾ? ಸಾಯೋ ಮುಂಚೆ ಮೇಲಕ್ಕೆ ಬಂದು ಬಾಯಿ ಬಿಡ್ತಿದ್ವಾ? ಕೊರಮೀನು ಸತ್ತಿತ್ತಾ? ನೀರಿನ ಹುಳ, ಕಪ್ಪೆಮರಿ ಏನಾಗಿತ್ತು?" ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ನಲವತ್ತು ವರ್ಷ ಆ ಕೆರೆ ನೀರು ಕುಡಿದವನು ನಾನು! "ಹೋಗಿ ನೋಡ್ಕೊಂಡು ಬಾ. ಶನಿವಾರ ಇಲ್ಲಿಗೆ ಬಾ" ಅಂದಳು.

ನೋಡಿದೆ. ಸತ್ತಿದ್ದೆಲ್ಲ ದೊಡ್ಡ ಕಾಟ್ಲಾ, ರೋಹು. ಬೆರಳುದ್ದದ ಮೀನು ಅಂಚಿನಲ್ಲಿ ಓಡಾಡುತ್ತಿದ್ದವು. ಕೊರಮೀನು ಒಂದೂ ಸತ್ತಿರಲಿಲ್ಲ. ಕಪ್ಪೆಮರಿಗಳೂ ಆರಾಮಾಗಿದ್ದವು.

ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ

ಶನಿವಾರ ಅವಳು ನನ್ನನ್ನು ಕ್ಲಾಸಿಗೆ ಕರೆದೊಯ್ಯಲಿಲ್ಲ, ಕುಕ್ಕರಹಳ್ಳಿ ಕೆರೆಗೆ ಕರೆದೊಯ್ದಳು. ಓದುಗರಲ್ಲಿ ಹಲವರು ಕ್ರಾಫರ್ಡ್ ಭವನದ ಹಿಂದಿನ ಈ ಕೆರೆ ನೋಡಿದ್ದೀರಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು. ಉದ್ದೇಶ ವಾಯುವಿಹಾರವಲ್ಲ, ಊರಾಚೆಯ ಜಮೀನಿಗೆ ನೀರು. ನಗರಕ್ಕೂ ಒಂದು ಕಾಲಕ್ಕೆ ಇದರ ನೀರು ಹೋಗುತ್ತಿತ್ತು. ದಿವಾನ್ ಪೂರ್ಣಯ್ಯನವರ ಹೆಸರಿನ ನಾಲೆ ದೂರದ ಮಳೆನೀರನ್ನು ಇಲ್ಲಿಗೆ ತರುತ್ತಿತ್ತು. 1916ರಲ್ಲಿ ವಿಶ್ವವಿದ್ಯಾನಿಲಯ ಆಯಿತು. 1960ರಲ್ಲಿ, ಕುವೆಂಪು ಕುಲಪತಿಗಳಾಗಿದ್ದಾಗ, ಕೆರೆಯ ಮಗ್ಗುಲಲ್ಲೇ ಮಾನಸಗಂಗೋತ್ರಿ ಎದ್ದಿತು. ಕೆರೆ ಈಗ ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ನಾಲೆ ಮಾತ್ರ ಒತ್ತುವರಿಯಲ್ಲಿ ತುಂಡು ತುಂಡಾಗಿದೆ. ಮಳೆನೀರು ಬರುವ ದಾರಿ ಮುಚ್ಚಿತು, ಸುತ್ತಲ ಬಡಾವಣೆಗಳ ಚರಂಡಿ ನೀರು ಬರುವ ದಾರಿ ತೆರೆಯಿತು. ವರ್ಷಾನುಗಟ್ಟಲೆ ಕೊಳಚೆ ತಡೆಯುವ ಪ್ರಯತ್ನ ನಡೆಯುತ್ತಲೇ ಬಂದಿದೆ. ಇಲ್ಲೂ ಮೀನು ಸತ್ತದ್ದುಂಟು.

"ಒಂದೇ ಸಬ್ಜೆಕ್ಟಿನವರು ಈ ಕೆರೆ ಹೇಳೋಕಾಗಲ್ಲಪ್ಪ" ಅಂದಳು ಮಗಳು. ನೀರಲ್ಲಿ ರಂಜಕ, ಸಾರಜನಕ ಎಷ್ಟಿದೆಯೆಂದು ಕೆಮಿಸ್ಟ್ರಿಯವರು ಹೇಳಬಲ್ಲರು. ಅದನ್ನು ತಿಂದು ಬೆಳೆದ ಪಾಚಿ ಯಾವುದೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬೇಕಾದವರು ಬಾಟನಿಯವರು. ಮೀನು, ನಡುಗಡ್ಡೆಯ ಮರಗಳ ಮೇಲೆ ಕೂತ ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ ಎಲ್ಲ ಜೂವಾಲಜಿಯವರ ಪಾಲು. (ಹಕ್ಕಿ ಹಿಕ್ಕೆಯೂ ಗೊಬ್ಬರವೇ. ಕೊಕ್ಕರೆ ಬೆಳ್ಳೂರಿನವರು ಮರದಡಿ ಅದನ್ನು ಸಂಗ್ರಹಿಸಿ ಗದ್ದೆಗೆ ಹಾಕುತ್ತಿದ್ದರಲ್ಲ.) ನೀರು ಎಲ್ಲಿಂದ ಬರುತ್ತದೆಂಬ ನಕ್ಷೆ ಭೂಗೋಳದವರದ್ದು. ಆ ಚರಂಡಿ ಯಾರದ್ದು, ಅದನ್ನು ತಿರುಗಿಸಲು ದುಡ್ಡು ಯಾರು ಕೊಡಬೇಕು ಅನ್ನುವುದಕ್ಕೆ ಅರ್ಥಶಾಸ್ತ್ರ, ಕಾನೂನು. ಒಬ್ಬರ ಉತ್ತರ ಇನ್ನೊಬ್ಬರ ಪ್ರಶ್ನೆ.

ನನಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ರೈತ ದಿನಾ ಮಾಡುವುದೂ ಇದೇ. ತೆಂಗಿನ ಹರಳು ಉದುರಿದರೆ ನೀರು, ಗೊಬ್ಬರ, ನುಸಿ, ಪಕ್ಕದ ಬೋರ್‌ವೆಲ್ ಎಲ್ಲವನ್ನೂ ಯೋಚಿಸುತ್ತಾನೆ. ವ್ಯತ್ಯಾಸವೆಂದರೆ ಅವರು ಅಳೆಯುತ್ತಾರೆ, ನಾವು ಅಂದಾಜು ಮಾಡುತ್ತೇವೆ.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪರಿಸರವನ್ನು ಎಲ್ಲ ವಿದ್ಯಾರ್ಥಿಗಳಿಗೂ ಕಲಿಸಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿತು. ಡಿಗ್ರಿ ಮಕ್ಕಳಿಗೆ ಯುಜಿಸಿಯ ಕಡ್ಡಾಯ ಪಠ್ಯ ಬಂದದ್ದು ಹನ್ನೆರಡು ವರ್ಷದ ಮೇಲೆ, 2003ರ ಸುಮಾರಿಗೆ. ಆ ಪಠ್ಯದ 50 ಗಂಟೆಯಲ್ಲಿ ಹೊರಗೆ ಹೋಗಿ ನೋಡಲು ಇಟ್ಟದ್ದು 5 ಗಂಟೆ! ಉಳಿದ 45 ಗಂಟೆ ಗೋಡೆಗಳ ನಡುವೆ. ಲೆಕ್ಕ ತಿರುಗಿಸಿ ಇಟ್ಟಿದ್ದರೆ ಕೆಟ್ಟು ಹೋಗುತ್ತಿರಲಿಲ್ಲ.

ರಾತ್ರಿ ಉಸಿರುಗಟ್ಟುವ ಕೆರೆ

ಮೀನಿನ ಕತೆಗೆ ಬರೋಣ. ಅಲ್ಲಿನ ಮೇಷ್ಟ್ರೊಬ್ಬರು ಬಿಡಿಸಿ ಹೇಳಿದ್ದು ಹೀಗೆ. ಚರಂಡಿ ನೀರೆಂದರೆ ಕೆರೆಗೆ ದಿನಾ ಹಾಕುವ ಮೇಲುಗೊಬ್ಬರ. ಅದನ್ನುಂಡು ಪಾಚಿ ಕೊಬ್ಬುತ್ತದೆ, ನೀರು ಹಸಿರಾಗುತ್ತದೆ. ಹಗಲು ಬಿಸಿಲಿದ್ದಾಗ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಬಿಡುವುದಿಲ್ಲ, ತಾನೂ ಉಸಿರಾಡುತ್ತದೆ. ತಳದ ಕೆಸರು ಕೊಳೆಯಲಿಕ್ಕೂ ಆಮ್ಲಜನಕ ಬೇಕು. ಹೀಗಾಗಿ ಬೆಳಗಿನ ಜಾವಕ್ಕೆ ನೀರಲ್ಲಿ ಅದು ತೀರಾ ಕಡಿಮೆ. ಮೂರು ದಿನ ಮೋಡವಾದರೆ ಹಗಲಿನ ಗಳಿಕೆಯೂ ಇಲ್ಲ, ರಾತ್ರಿ ಖರ್ಚು ಮಾತ್ರ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಮೀನು ನೆಮ್ಮದಿಯಾಗಿರುತ್ತವೆ. 2ಕ್ಕಿಂತ ಕೆಳಗಿಳಿದರೆ ಕಷ್ಟ. ಮೊದಲು ಹೋಗುವುದು ದೊಡ್ಡ ಮೀನು, ಅವಕ್ಕೆ ಉಸಿರು ಹೆಚ್ಚು ಬೇಕು. ಕೊರಮೀನು ಮೇಲೆ ಬಂದು ಗಾಳಿ ಕುಡಿಯಬಲ್ಲದು, ಉಳಿಯುತ್ತದೆ. ವಿಷವಾದರೆ ಸಾಮಾನ್ಯವಾಗಿ ಇದು ಉಲ್ಟಾ. ಚಿಕ್ಕ ಮೀನು, ನೀರಿನ ಹುಳಗಳೇ ಮೊದಲು. ಹೊತ್ತು ಗೊತ್ತು ಇಲ್ಲ.

ನನ್ನೆದೆಯ ಭಾರ ಅರ್ಧ ಇಳಿಯಿತು. ಮೇಷ್ಟ್ರು ಪೂರ್ತಿ ಇಳಿಸಲು ಬಿಡಲಿಲ್ಲ. "ಕ್ಯಾನು ಕೆರೇಲಿ ತೊಳೆದದ್ದು ತಪ್ಪೇ. ಕೆಲವು ಹುಳುವಿನ ಔಷಧಿ ಮೀನಿಗೆ ಬಹಳ ಕೆಟ್ಟದ್ದು. ಆ ದಿನದ ನೀರು ಯಾರೂ ಹಿಡಿದಿಟ್ಟಿಲ್ಲ, ಹಾಗಾಗಿ ನಿಮ್ಮ ಪಾಲು ಸೊನ್ನೆ ಅಂತ ನಾನು ಬರೆದುಕೊಡಲಾರೆ" ಅಂದರು. ಇದು ಸರಿಯಾದ ಮಾತು.

ಮುಂದಿನ ವಾರ ಮಗಳು, ಅವಳ ಇಬ್ಬರು ಗೆಳತಿಯರು ಊರಿಗೆ ಬಂದರು. ಬಿರಟೆ ಇರುವ ಗಾಜಿನ ಬಾಟಲಿಯಲ್ಲಿ ಗುಳ್ಳೆ ಬಾರದಂತೆ ಕೆರೆ ನೀರು ತುಂಬಿ, ಎರಡು ದ್ರಾವಣ ಹಾಕುವ ಪರೀಕ್ಷೆ. ಆಮ್ಲಜನಕ ಇದ್ದರೆ ಕಂದು ಗಸಿ, ಇಲ್ಲದಿದ್ದರೆ ಬಿಳಿ ಗಸಿ. ಸೂರ್ಯ ಹುಟ್ಟುವ ಮುಂಚೆ ಒಂದು, ಮಧ್ಯಾಹ್ನ ಮೂರಕ್ಕೆ ಬಿಸಿಲು ಬಂದಾಗ ಒಂದು. ಎರಡೂ ಬಾಟಲಿಗಳನ್ನು ಅರಳಿಕಟ್ಟೆ ಮೇಲೆ ಇಟ್ಟರು. ಬೆಳಗಿನದು ಹಾಲಿಗೆ ಒಂದು ತೊಟ್ಟು ಕಾಫಿ ಬಿದ್ದ ಹಾಗೆ. ಮಧ್ಯಾಹ್ನದ್ದು ಗಟ್ಟಿ ಡಿಕಾಕ್ಷನ್. ಬಣ್ಣ ನೋಡಲು ಓದು ಬರಬೇಕಾಗಿಲ್ಲ. ಊರವರು ಸುಮ್ಮನೆ ನೋಡಿದರು. ಕಡೆಗೆ ಒಬ್ಬ ಹಿರಿಯರು ಕೇಳಿದರು: "ಹಂಗಾದ್ರೆ ಆ ಗೊಬ್ಬರ ಬರ್ತಿರೋದು ಎಲ್ಲಿಂದ ಕಣವ್ವಾ?"

ಅದೇ ಭೂಗೋಳದ ಪ್ರಶ್ನೆ. ಎಲ್ಲರೂ ಕಾಲುವೆ ಹಿಡಿದು ಮೇಲಕ್ಕೆ ನಡೆದೆವು. ಒಂದು ಕವಲಿನಲ್ಲಿ ಮೇಲಿನ ಬಡಾವಣೆಯ ಚರಂಡಿ ಸೇರಿತ್ತು. ಇನ್ನೊಂದರಲ್ಲಿ ನಮ್ಮದೇ ಗದ್ದೆಗಳ ಯೂರಿಯಾ, ಡಿಎಪಿ ತೊಳೆದ ನೀರು. ಆ ಎರಡನೆಯದನ್ನು ಕಂಡು ಜನ ಅಷ್ಟಾಗಿ ಮಾತಾಡಲಿಲ್ಲ.

ನೀವೂ ನೋಡಬಹುದು

ದ್ರಾವಣ, ಬಾಟಲಿ ಇಲ್ಲದೆಯೂ ಕೆರೆ ಓದಬಹುದು. ಬಿಳಿ ತಟ್ಟೆಯೊಂದಕ್ಕೆ ಕಲ್ಲು ಕಟ್ಟಿ, ಗೇಣಿಗೊಂದು ಗಂಟು ಹಾಕಿದ ಹಗ್ಗದಲ್ಲಿ ನೀರಿಗೆ ಇಳಿಬಿಡಿ. ಎಷ್ಟನೆಯ ಗಂಟಿಗೆ ಕಣ್ಮರೆಯಾಗುತ್ತದೆ ಬರೆದಿಡಿ. ಯಾವಾಗಲೂ ಅದೇ ಜಾಗ, ಅದೇ ಹೊತ್ತು. ಮಳೆ ಬಂದು ಕೆಂಪು ನೀರು ಇಳಿದ ದಿನ ಬೇಡ, ಅದು ಮಣ್ಣಿನ ಲೆಕ್ಕವಾಗುತ್ತದೆ. ತಿಂಗಳಿಂದ ತಿಂಗಳಿಗೆ ಗಂಟು ಕಡಿಮೆಯಾಗುತ್ತ ನೀರು ಹಸಿರಾಗುತ್ತಿದ್ದರೆ ಪಾಚಿ ಕೊಬ್ಬುತ್ತಿದೆ. ಮೋಡದ ದಿನಗಳಲ್ಲಿ ಮೀನು ಬೆಳಗಿನ ಜಾವ ಬಾಯಿ ಮೇಲೆ ಮಾಡುವುದು ಕಂಡರೆ ಪಂಪು ಹಾಕಿ ಕೆರೆ ನೀರನ್ನೇ ಎತ್ತಿ ಚಿಮ್ಮಿಸಿ ಬೀಳಿಸಿ. ಗಾಳಿಗೆ ಮೂಲೆ ಸೇರಿ ಹಸಿರು ಬಣ್ಣ ಬಳಿದಂತಿರುವ ಕೆನೆಪಾಚಿ ಇದ್ದ ಕಡೆ ದನಕ್ಕೆ ನೀರು ಕುಡಿಸಬೇಡಿ. ಅಂಥ ಪಾಚಿಯಲ್ಲಿ ಕೆಲವು ಜಾತಿ ವಿಷ ಬಿಡುತ್ತವೆ. ಮೀನು ಸತ್ತರೆ ಮೊದಲ ಕೆಲಸ ಜಗಳವಲ್ಲ. ಎರಡು ಬಾಟಲಿ ನೀರು ಹಿಡಿದು ಐಸಿನಲ್ಲಿಡಿ, ಯಾವ ಮೀನು, ಎಷ್ಟು ಗಾತ್ರ, ಎಷ್ಟು ಹೊತ್ತಿಗೆ ಎಂದು ಬರೆದಿಡಿ.

ಹುಡುಗನಿಗೆ ನಾನು ಪೂರ್ತಿ ನಷ್ಟ ಕಟ್ಟಲಿಲ್ಲ. ಮುಂದಿನ ಮೀನುಮರಿಯ ಖರ್ಚಿನಲ್ಲಿ ಅರ್ಧ ಕೊಟ್ಟೆ, ಅವನೂ ಒಪ್ಪಿದ. ಕ್ಯಾನು ಈಗ ಹೊಲದಲ್ಲೇ ತೊಳೆದು, ಆ ನೀರನ್ನೂ ಬೆಳೆಗೇ ಹೊಡೆಯುತ್ತೇನೆ. ಚರಂಡಿ ತಿರುಗಿಸಬೇಕೆಂದು ನಾವು ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಅರ್ಜಿ ಜತೆ ತಟ್ಟೆಯ ಗಂಟಿನ ಲೆಕ್ಕವನ್ನೂ ಲಗತ್ತಿಸಿದ್ದೇವೆ. ಆ ಲೆಕ್ಕ ಈಗ ಬರೆಯುತ್ತಿರುವವನು ಮೀನಿನ ಹುಡುಗನೇ. ಕಳೆದ ತಿಂಗಳು ತಟ್ಟೆ ಎರಡನೆಯ ಗಂಟಿಗೇ ಕಾಣದಾಯಿತು.