ಶ್ರೀರಂಗಪಟ್ಟಣವನ್ನು ನೋಡತಕ್ಕ ರೀತಿ

ಓದತಕ್ಕ ವೇದಭಾಗ: ಯೆರೆಮೀಯ 29:4-7

ಇಲವಾಲದ ಸಭೆಯವರು ಮುಂಜಾನೆ ಹೊರಟರೆ ಶ್ರೀರಂಗಪಟ್ಟಣವನ್ನು ನೋಡಿಕೊಂಡು ಸಾಯಂಕಾಲಕ್ಕೆ ಮನೆ ಸೇರಬಹುದು. ನಮ್ಮವರಲ್ಲಿ ಅನೇಕರು ಸಂಗಮದ ಬಳಿ ಬುತ್ತಿಯನ್ನುಂಡು, ದರಿಯಾ ದೌಲತ್ತಿನ ಗೋಡೆಯ ಚಿತ್ರಗಳನ್ನು ಕಂಡು ತಿರುಗಿ ಬರುತ್ತಾರೆ. ಆದರೆ ಕ್ರೈಸ್ತರಾದ ನಾವು ಆ ಪಟ್ಟಣದಲ್ಲಿ ಎಂಥ ಮನಸ್ಸುಳ್ಳವರಾಗಿ ನಡೆಯತಕ್ಕದ್ದೆಂಬುದೇ ಈ ತಿಂಗಳ ಪಾಠವು.

ಕೋಟೆಯೊಳಗೆ ಟಿಪ್ಪು ಸುಲ್ತಾನನು ಕಟ್ಟಿಸಿದ ಮಸೀದಿಯ ಎರಡು ಮಿನಾರುಗಳು ದೂರದಿಂದಲೇ ಕಾಣುತ್ತವೆ. ಗಂಜಾಮಿನ ಕಡೆಯಲ್ಲಿರುವ ಗುಂಬಜಿನಲ್ಲಿ ಹೈದರನೂ ಅವನ ಪತ್ನಿಯೂ ಟಿಪ್ಪುವೂ ಸಮಾಧಿಯಾಗಿದ್ದಾರೆ. ಅಲ್ಲಿ ನಿಂತಾಗ ಕ್ರೈಸ್ತನಿಗೆ 1784ನೆಯ ಇಸವಿಯು ನೆನಪಿಗೆ ಬಾರದಿರದು. ಆ ವರುಷ ಮಂಗಳೂರು ಸೀಮೆಯ ಕಥೋಲಿಕ ಕ್ರೈಸ್ತರನ್ನು ಸಾವಿರಗಟ್ಟಲೆಯಾಗಿ ಹಿಡಿದು, ಘಟ್ಟ ಹತ್ತಿಸಿ, ಈ ಪಟ್ಟಣಕ್ಕೆ ಸೆರೆ ತಂದರು. ದಾರಿಯಲ್ಲಿ ಸತ್ತವರು ಅನೇಕರು. ಬಲಾತ್ಕಾರದಿಂದ ಮತಾಂತರಕ್ಕೆ ಒಳಗಾದವರೂ ಅನೇಕರು. ಇದನ್ನು ಮರೆಮಾಡುವುದು ಸತ್ಯವಲ್ಲ.

ಆದರೂ ಅದೇ ಸುಲ್ತಾನನು ರಂಗನಾಥನ ಗುಡಿಗೆ ಬೆಳ್ಳಿಯ ಪಾತ್ರೆಗಳನ್ನು ಕೊಟ್ಟವನು. ಮತ್ತು 1799ನೆಯ ಮೇ 4ರಲ್ಲಿ ಕೋಟೆಯನ್ನು ಮುರಿದ ಸೈನ್ಯದ ದೊರೆಗಳು ಕ್ರೈಸ್ತರೆಂಬ ಹೆಸರುಳ್ಳವರು. ಆ ಸೈನ್ಯವು ಊರನ್ನು ಸೂರೆಮಾಡಿತು; ವೆಲ್ಲೆಸ್ಲಿ ಎಂಬ ಅಧಿಕಾರಿಯು ಕೊಳ್ಳೆಗಾರರಲ್ಲಿ ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಅದು ನಿಂತಿತು. ಆ ಕೊಳ್ಳೆಯನ್ನು ಯಾವ ಮತದ ಲೆಕ್ಕಕ್ಕೆ ಬರೆಯೋಣ? ಸ್ಪೇನ್ ದೇಶದ ಕೊರ್ಡೊಬ ಪಟ್ಟಣವನ್ನು 1236ರಲ್ಲಿ ಕ್ರೈಸ್ತ ಅರಸನು ಗೆದ್ದಾಗ ಅಲ್ಲಿಯ ಮಹಾಮಸೀದಿಯು ಕ್ರೈಸ್ತ ದೇವಾಲಯವಾಯಿತು. ಇಲ್ಲಿಯಾದರೋ ಕೋಟೆ ಬಿದ್ದರೂ ಮಸೀದಿಯು ಮಸೀದಿಯಾಗಿಯೇ ಉಳಿಯಿತು. ಅದು ನಮಗೆ ಸಂತೋಷದ ಸಂಗತಿಯೇ.

ಗಂಜಾಮಿನಲ್ಲಿ ಒಂದು ಹಳೆಯ ದೇವಾಲಯವುಂಟು. ಅದು ದುಬ್ವಾ ಎಂಬ ಫ್ರೆಂಚ್ ಪಾದ್ರಿಯ ಹೆಸರಿನಿಂದ ಪ್ರಸಿದ್ಧವಾಗಿದೆ. ಟಿಪ್ಪು ಸತ್ತ ಮೇಲೆ ಆತನು ಇಲ್ಲಿಗೆ ಬಂದು, ಚದರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿದನು. ಈ ದೇಶದವರ ಉಡುಪನ್ನೇ ಉಟ್ಟು, ಅವರ ಊಟವನ್ನೇ ಉಂಡನು. ಸಿಡುಬು ಬಂದರೆ ಅಮ್ಮನು ಬಂದಳೆಂದು ಜನರು ಕೈಕಟ್ಟಿ ಕೂತಿದ್ದ ಕಾಲದಲ್ಲಿ, 1803-04ರೊಳಗೆ, 25,000ಕ್ಕೆ ಮೇಲ್ಪಟ್ಟ ಜನರಿಗೆ ದಾಕು ಹಾಕಿಸಿದನು. ಆತನು ರೋಮನ್ ಸಭೆಯವನು. ಆತನ ಉಪದೇಶವೆಲ್ಲಾ ನಮಗೆ ಒಪ್ಪಿತವಲ್ಲ. ಆದರೆ ಸೆರೆಯವರು ತಾವಿರುವ ಪಟ್ಟಣದ ಕ್ಷೇಮವನ್ನು ಬಯಸಬೇಕೆಂದು ಪ್ರವಾದಿಯು ಬರೆದುದನ್ನು ಹೀಗೆ ಕೈಯಿಂದ ಮಾಡಿ ತೋರಿಸಿದವರು ವಿರಳ.

ವಿಚಿತ್ರವೇನಂದರೆ, ಇದೇ ದುಬ್ವಾ 1823ರಲ್ಲಿ ಸ್ವದೇಶಕ್ಕೆ ತಿರುಗಿಹೋಗಿ, ಹಿಂದೂ ಜನರು ಮನಃಪೂರ್ವಕವಾಗಿ ಕ್ರೈಸ್ತರಾಗುವುದು ಆಗದ ಮಾತೆಂದು ಪತ್ರಗಳಲ್ಲಿ ಅಚ್ಚುಮಾಡಿಸಿದನು. ನಮ್ಮ ಹಳ್ಳಿಗಳ ಸಭೆಗಳನ್ನು ನೋಡಿದ್ದರೆ ಏನೆನ್ನುತ್ತಿದ್ದನೋ!

ಸಹೋದರರೇ, ಈ ಸಾರಿ ಹೋದಾಗ ಗಂಜಾಮಿಗೂ ಹೋಗಿರಿ. ಮಸೀದಿಯಲ್ಲಿ ಪಾದರಕ್ಷೆಯನ್ನು ಬಿಟ್ಟು, ನಮಾಜಿನ ಹೊತ್ತಾದರೆ ಹೊರಗೆ ಸುಮ್ಮನೆ ನಿಂತಿರಿ. ಗುಂಬಜಿನಲ್ಲಿ 1784ರ ಸಂಗತಿಯನ್ನು ಮಕ್ಕಳಿಗೆ ಹೇಳುವುದಾದರೆ 1799ರ ಸೂರೆಯನ್ನೂ ಕೂಡಿಸಿ ಹೇಳಿರಿ.

ಆದಿತ್ಯವಾರದ ತರಗತಿಗೆ ಪ್ರಶ್ನೆಗಳು: ಯೆರೆಮೀಯನು ಪತ್ರ ಬರೆದಾಗ ಆ ಪಟ್ಟಣವು ಯಾರ ಕೈಯಲ್ಲಿತ್ತು? ಸೆರೆಯವರಿಗೆ ಅವರು ಮಾಡಿದ್ದೇನು? ನಮ್ಮ ಊರಿನ ಮಹಮ್ಮದೀಯರ ಮನೆಯಲ್ಲಿ ಕಾಯಿಲೆಯಾದಾಗ ನಮ್ಮಲ್ಲಿ ಹೋಗಿ ನೋಡಿದವರು ಎಷ್ಟು ಮಂದಿ?